ಕಲೆಕ್ಟರ್ ಪಾರ್ಟಿನ ಖಂಡಪ್ಪ

ಗೊಬ್ಬೂರಿನ ಖಂಡಪ್ಪ ನಾಟಕ ಕಂಪನಿಯಲ್ಲಿ ರೈತನ ಪಾರ್ಟು ಮಾಡುತ್ತಿದ್ದ. ಮೂವತ್ತೆರಡನೆಯ ವಯಸ್ಸಿಗೆ ತುಟಿಯ ಪಕ್ಕ ತೊನ್ನು ಕಾಣಿಸಿತು. ಐದು ವರ್ಷದಲ್ಲಿ ಮೈಯೆಲ್ಲ ಬೆಳ್ಳಗಾಯಿತು. ಮಾಲೀಕ ದತ್ತಪ್ಪ ಅವನನ್ನು ಕೆಲಸದಿಂದ ಬಿಡಿಸಲಿಲ್ಲ. ತಲೆಗೆ ಹ್ಯಾಟು ಇಟ್ಟು, ಕೈಗೆ ಬೆತ್ತ ಕೊಟ್ಟು, “ಇನ್ಮ್ಯಾಲ ನೀನ ನಮ್ಮ ಬ್ರಿಟಿಷ್ ಕಲೆಕ್ಟರ್. ಬಣ್ಣ ಹಚ್ಚೂ ಕೆಲಸನೂ ಇಲ್ಲ” ಎಂದ. ಎಲ್ಲರೂ ನಕ್ಕರು. ಖಂಡಪ್ಪನೂ ನಕ್ಕ.

ಹದಿನೆಂಟು ವರ್ಷ ಅವನು ಕಲೆಕ್ಟರನಾದ, ಕರ್ನಲ್ ಆದ, ಜಡ್ಜ್ ಆದ. ಆಳಂದದಲ್ಲಿ, ಖಜೂರಿಯಲ್ಲಿ ಅವನ ಮುರುಕು ಕನ್ನಡಕ್ಕೆ ಜನ ಸೀಟಿ ಹೊಡೆದರು. ಗಾಣಗಾಪುರಕ್ಕೆ ಶೂಟಿಂಗಿಗೆ ಬಂದವರು ಅವನನ್ನು ನೋಡಿ ಸಿನಿಮಾದಲ್ಲೂ ಬಿಳಿಯ ಜೈಲರ್ ಮಾಡಿದರು. ಸಿನಿಮಾ ಬಂದಾಗ ಹೆಂಡತಿ ಹಣಮವ್ವನನ್ನು ಕಲಬುರಗಿಗೆ ಕರೆದೊಯ್ದ. ಪರದೆಯ ಮೇಲೆ ಅವನು ಬಾಯಿ ತೆರೆದರೆ ಬೇರೆ ಯಾರದೋ ದನಿ ಬಂತು.

“ಇದು ನಿಮ್ಮ ದನಿ ಅಲ್ಲಲ್ರೀ?”

“ಬ್ಯಾರೆಯವ್ರು ಮಾತಾಡ್ಯಾರ.”

“ನಿಮಗ ಹೇಳಿದ್ದಿಲ್ಲೇನು?”

“ಇಲ್ಲ.”

ಬೇಜಾರಾಗಬೇಕಿತ್ತು. ಆಗಲಿಲ್ಲ. ಪರಿಚಯವಿಲ್ಲದವನನ್ನು ನೋಡಿದಂತೆ ಕೊನೆಯವರೆಗೂ ನೋಡಿದ.

ಕಳೆದ ಏಪ್ರಿಲ್‌ನಲ್ಲಿ ಕಂಪನಿ ಜೇವರ್ಗಿಯಲ್ಲಿದ್ದಾಗ, ರೈತನ ಪಾರ್ಟು ಮಾಡುತ್ತಿದ್ದ ಗುರುನಾಥ ಕಾಮಾಲೆಯಾಗಿ ಮಲಗಿದ.

“ಮಾಲಕ್ರ, ಆ ಪಾರ್ಟು ನನಗ ಬಾಯಿಪಾಠ ಅದ. ನಾ ಮಾಡ್ತೇನ್ರಿ” ಎಂದ ಖಂಡಪ್ಪ.

ದತ್ತಪ್ಪ ಅವನ ಕೈ ನೋಡಿದ. “ಮಂದಿ ನಗ್ತಾರಪ್ಪ.”

“ಬಣ್ಣ ಹಚ್ಕೋತೇನ್ರಿ.”

ಮೇಕಪ್ಪಿನ ಮುಸ್ತಕೀಮ ಡಬ್ಬಿಗಳನ್ನು ತೆರೆದು ಕೇಳಿದ: “ಮೊದಲ ನೀವು ಯಾವ ಬಣ್ಣ ಇದ್ರಿ, ಕಾಕಾ?”

ಖಂಡಪ್ಪನಿಗೆ ನೆನಪಾಗಲಿಲ್ಲ. ಹಣಮವ್ವನಿಗೆ ಫೋನ್ ಹಚ್ಚಿದ. ಅವಳು, “ತೊಗರಿಕಾಳಿನಂಗ ಇದ್ರಿ” ಎಂದಳು.

ಮುಖ, ಕುತ್ತಿಗೆ, ಕೈಕಾಲಿಗೆಲ್ಲ ಬಣ್ಣ ಹಚ್ಚಲು ಎರಡು ತಾಸು ಹಿಡಿಯಿತು. ಅಂದು ಕಲೆಕ್ಟರನ ಕೋಟನ್ನು ದತ್ತಪ್ಪನೇ ಹಾಕಿಕೊಂಡ. ಮೂರನೆಯ ದೃಶ್ಯದಲ್ಲಿ ಕಲೆಕ್ಟರ್ ಬೆತ್ತ ಬೀಸಿದ; ರೈತ ಕೈ ಅಡ್ಡ ಹಿಡಿದ. ಬೆವರಿಗೆ ಬಣ್ಣ ಇಳಿದು ಮೊಣಕೈ ಬೆಳ್ಳಗೆ ಹೊಳೆಯಿತು.

“ಏ, ಅಂವ ಕಲೆಕ್ಟರ್ ಸಾಹೇಬ ಅದಾನಲೇ!” ಎಂದು ಮುಂದಿನ ಸಾಲಿನಿಂದ ಯಾರೋ ಕೂಗಿದರು. ಇಡೀ ಟೆಂಟು ನಕ್ಕಿತು.

ಖಂಡಪ್ಪ ನಗು ನಿಲ್ಲುವವರೆಗೆ ಕಾಯ್ದ. ಆಮೇಲೆ ಮುಂದಿನ ಮಾತು ಹೇಳಿ ದೃಶ್ಯ ಮುಗಿಸಿದ.

“ನಾಳಿಗಿ ಬ್ಯಾರೆ ನಾಟಕ ಹಾಕೋಣು” ಎಂದ ದತ್ತಪ್ಪ, ಆಟ ಮುಗಿದ ಮೇಲೆ.

“ಬ್ಯಾಡ್ರಿ. ತುಂಬುತೋಳಿನ ಅಂಗಿ ಹಾಕ್ಕೋತೇನಿ.”

ಮರುದಿನ ಯಾರೂ ನಗಲಿಲ್ಲ. ಒಂಬತ್ತು ಆಟ ಆದವು. ಗುರುನಾಥ ಎದ್ದು ಬಂದಾಗ ಖಂಡಪ್ಪ ರೈತನ ಧೋತರ ಮಡಿಚಿ ಅವನ ಕೈಗೆ ಕೊಟ್ಟ.

“ಹ್ಯಾಂಗಾತ್ರಿ?” ಎಂದು ಹಣಮವ್ವ ಫೋನಿನಲ್ಲಿ ಕೇಳಿದಳು.

“ಚಲೋ ಆತು.”

ಅವಳು ಇನ್ನೇನಾದರೂ ಹೇಳಿಯಾನೆಂದು ಕಾಯುತ್ತಿದ್ದಳು. ಅವನು ಫೋನ್ ಇಟ್ಟು ಕಲೆಕ್ಟರನ ಕೋಟು ಹಾಕಿಕೊಂಡ.