ಬೂದಿ ಬಣ್ಣದ ಚೌಕ

ಮಳೆ ಹಿಂದೆಗೆದು ಹಸಿ ಮೇವು ಮೊಣಕಾಲೆತ್ತರ ನಿಂತ ಕಾಲ. ಊರೂರ ಕೊಟ್ಟಿಗೆಗಳಲ್ಲಿ ಹಾಲು ಹೆಚ್ಚಿತ್ತು. ಡೇರಿಗಳ ಮುಂದಿನ ಕ್ಯಾನುಗಳ ಸಾಲು ಬಿಸಿಲೇರಿದರೂ ಕರಗುತ್ತಿರಲಿಲ್ಲ. ಹಾಲು ಒಕ್ಕೂಟದ ಹಿಂಬದಿಯ ಕಾವಲು ಕೋಣೆಗೆ ಬಂದ ಹಿರಿಸೊಸೆ ಊಟದ ಡಬ್ಬಿಯನ್ನು ಕಿಟಕಿಯ ಮೇಲಿಟ್ಟು, ಇಬ್ಬನಿಗೆ ನೆಂದ ಚಪ್ಪಲಿಯನ್ನು ಬಾಗಿಲ ಬಳಿ ಬಿಟ್ಟು, ಕಿರಿಸೊಸೆ ಕೂತಿದ್ದ ಕುರ್ಚಿಯ ಹಿಂದೆ ನಿಂತಳು. ಒಂದೇ ಮನೆಯ ಅಣ್ಣತಮ್ಮಂದಿರನ್ನು ಮದುವೆಯಾದ ಈ ಓರಗಿತ್ತಿಯರು ಸರದಿಯ ಮೇಲೆ ಅದೇ ಕುರ್ಚಿಯಲ್ಲಿ ಕೂರುತ್ತಿದ್ದರು. ಒಬ್ಬಳ ಮೈಬಿಸಿ ಆರುವ ಮೊದಲೇ ಇನ್ನೊಬ್ಬಳು ಕೂರಬೇಕು.

ಎದುರಿನ ಗೋಡೆಗೆ ದೊಡ್ಡ ಪರದೆ. ಒಕ್ಕೂಟಕ್ಕೆ ಸೇರಿದ ಪ್ರತಿ ಊರಿನ ಡೇರಿಗೂ ಅದರಲ್ಲೊಂದು ಚೌಕ. ತೂಕದ ಯಂತ್ರ, ಬಿಲ್ಲಿನ ಯಂತ್ರ, ಹಾಲು ತಂಪು ಮಾಡುವ ಟ್ಯಾಂಕು, ಇಷ್ಟಕ್ಕೂ ಆಯಾ ಡೇರಿಯಲ್ಲಿ ಒಂದೊಂದು ಚಿಕ್ಕ ಕಂಪ್ಯೂಟರಿನ ಕಾವಲು. ಇಲ್ಲಿನ ಸರ್ವರ್ ಆಗಾಗ ಅವನ್ನೆಲ್ಲ ಮಾತಾಡಿಸಿ ನೋಡುತ್ತದೆ. ಎಲ್ಲ ಸರಿಯಿದ್ದರೆ ಚೌಕ ಹಸಿರು, ಅನುಮಾನವಿದ್ದರೆ ಹಳದಿ, ಕೆಟ್ಟರೆ ಕೆಂಪು. ಕೆಂಪಾದರೆ ಗಂಟೆಯೂ ಅರಚುತ್ತದೆ. ಕೋಣೆಯ ಮಾತಿನಲ್ಲಿ ಹಸಿರಿನದು ‘ಎದ್ದಿದೆ’, ಕೆಂಪಿನದು ‘ಮಲಗಿದೆ’. ವಾರವಿಡೀ ಮಲಗಿಯೇ ಇರುವ ಗುಡ್ಡದೂರಿನ ಡೇರಿಗೆ ‘ಬಾಣಂತಿ’ ಎಂದು ಹೆಸರಿಟ್ಟವಳು ಹಿರಿಸೊಸೆಯೇ.

ಇನ್ನೊಂದು ಬಣ್ಣವಿತ್ತು, ಬೂದಿ. ಟ್ಯಾಂಕು ತೊಳೆಯುವಾಗ ತಂಪು ನಿಲ್ಲಿಸುತ್ತಾರೆ. ಸುಮ್ಮಸುಮ್ಮನೆ ಗಂಟೆ ಅರಚಬಾರದೆಂದು ಅಷ್ಟು ಹೊತ್ತು ಆ ಡೇರಿಯನ್ನು ಇಲ್ಲಿಂದಲೇ ಮೌನಕ್ಕೆ ಹಾಕುತ್ತಾರೆ. ಮೌನಕ್ಕೆ ಹಾಕಿದ ಚೌಕ, ಅಲ್ಲಿ ಬೆಂಕಿ ಬಿದ್ದರೂ ಬೂದಿಯಾಗಿಯೇ ಇರುತ್ತದೆ. ಆದ್ದರಿಂದ ತೊಳೆದು ಮುಗಿದ ಕೂಡಲೇ ಮೌನ ತೆಗೆಯಬೇಕು, ಕುರ್ಚಿ ಬಿಡುವವಳನ್ನು ಕೂರುವವಳು ಕೇಳಬೇಕು.

“ಮೌನದಲ್ಲಿ ಯಾವ್ದಾದ್ರೂ ಇದೆಯೇನೇ?”

“ಯಾವ್ದೂ ಇಲ್ಲಕ್ಕ, ಎಲ್ಲಾ ತೆಗ್ದಿದೀನಿ.” ಕಿರಿಸೊಸೆ ಎದ್ದು ಸೆರಗು ಸರಿಮಾಡಿಕೊಂಡಳು. “ಮ್ಯಾನೇಜರ್ ಕರೆದಿದಾರೆ. ಯಾಕೋ ಎದೆ ಡವಡವ ಅಂತಿದೆ.”

“ನಿನಗೇನಮ್ಮ, ಕರೆದು ಮಣೆ ಹಾಕ್ತಾರೆ.”

“ಹಾಕಿದ್ರೆ ನಿನಗೂ ಅರ್ಧ ಜಾಗ ಬಿಡ್ತೀನಿ ಬಾ,” ಎಂದು ನಕ್ಕು ಹೊರಟಳು.

ಕಾವಲು ಕೋಣೆಗೆ ಮೇಲ್ವಿಚಾರಕಿಯನ್ನು ಆ ದಿನ ಆರಿಸುವವರಿದ್ದರು. ಹಿರಿಸೊಸೆ ಈ ಕೆಲಸಕ್ಕೆ ಬಂದಾಗ ಪರದೆ ಇರಲಿಲ್ಲ, ಒಂದು ಫೋನು ಮಾತ್ರ ಇತ್ತು. ಊರೂರಿಗೆ ತಿರುಗಿಸಿ ತಿರುಗಿಸಿ ವಿಚಾರಿಸಬೇಕಿತ್ತು. ಪರದೆ ಬಂದ ಮೇಲೆ ಅದನ್ನೂ ಕಲಿತಳು. ಮನೆಗೆ ಹೊಸದಾಗಿ ಬಂದ ಕಿರಿಸೊಸೆ ಬೇಸರವೆಂದು ಕಿಟಕಿ ಹಿಡಿದು ನಿಲ್ಲುವುದನ್ನು ಕಂಡು, “ಬಾ, ನಾನು ಕಲಿಸ್ತೀನಿ,” ಎಂದು ಕರೆತಂದವಳೂ ಅವಳೇ. ಹುಡುಗಿ ಬೇಗ ಕಲಿತಳು. ಅಷ್ಟು ಬೇಗ ಕಲಿಯಬಾರದಿತ್ತು. ಮನೆಯಲ್ಲೂ ಹಾಗೆಯೇ ಆಗಿತ್ತು. ಅತ್ತೆಗೆ ಕಾಲು ಒತ್ತಲು ಕಿರಿಯಳ ಕೈಯೇ ಬೇಕು. ಹಿರಿಸೊಸೆ ಏನಾದರೂ ತಮಾಷೆ ಹೇಳಿದರೆ ‘ಹ್ಞೂಂ’ ಎನ್ನುವ ಅವಳ ಗಂಡ, ಅದನ್ನೇ ಕಿರಿಯಳು ಹೇಳಿದರೆ ತುತ್ತು ನೆತ್ತಿಗೇರುವಂತೆ ನಗುತ್ತಿದ್ದ. ತನಗಾಗುತ್ತಿರುವುದನ್ನು ಹಿರಿಸೊಸೆ ಹೊಟ್ಟೆಕಿಚ್ಚು ಎಂದುಕೊಂಡಿರಲಿಲ್ಲ, ಅನ್ಯಾಯ ಎಂದುಕೊಂಡಿದ್ದಳು.

ಕೂತವಳ ಕಣ್ಣು ರೂಢಿಯಂತೆ ಪರದೆಯನ್ನು ಮೇಲಿನಿಂದ ಕೆಳಗೆ ಸವರಿತು. ಕೊನೆಯ ಸಾಲಿನಲ್ಲಿ ಒಂದು ಚೌಕ ಬೂದಿಯಾಗಿತ್ತು. ಸೇತುವೆಯೂರಿನ ಡೇರಿ. ಅದು ಕಿರಿಸೊಸೆಯ ತವರೂರು. ಡೇರಿಯ ಕಾರ್ಯದರ್ಶಿ ಅವಳ ಅಪ್ಪ.

ಕರೆಯಲೆಂದು ಹಿರಿಸೊಸೆ ಬಾಯಿ ತೆರೆದಳು. ಬಾಗಿಲಾಚೆ ಪಡಸಾಲೆಯಲ್ಲಿ ಮ್ಯಾನೇಜರ್ ಎದುರಾಗಿ ಕಿರಿಯಳು ಏನೋ ಹೇಳುತ್ತಿದ್ದಳು, ಆತ ಕನ್ನಡಕ ತೆಗೆದು ನಗುತ್ತಿದ್ದ. ಇಷ್ಟು ವರ್ಷದಲ್ಲಿ ಆ ಮನುಷ್ಯನಿಗೆ ಹಲ್ಲಿದೆಯೆಂಬುದೇ ಹಿರಿಸೊಸೆಗೆ ಗೊತ್ತಿರಲಿಲ್ಲ. ತೆರೆದ ಬಾಯಿ ಮುಚ್ಚಿಕೊಂಡಿತು.

ಬೂದಿ ಚೌಕವನ್ನು ಒತ್ತಿ ಅದರಡಿಯ ಅಂಕಿ ನೋಡಿದಳು. ಟ್ಯಾಂಕು ತುಂಬಿತ್ತು. ನಾಲ್ಕು ಡಿಗ್ರಿಗೆ ಇಳಿಯುತ್ತ ಹೋಗಬೇಕಾದ ಹಾಲು ಇಪ್ಪತ್ತೆಂಟರಲ್ಲೇ ನಿಂತಿತ್ತು. ತೊಳೆದ ಮೇಲೆ ತಂಪು ಮಾಡುವ ಕಂಪ್ರೆಸರ್ ಚಾಲೂ ಆಗಿಯೇ ಇಲ್ಲ. ಮಧ್ಯಾಹ್ನ ಟ್ಯಾಂಕರ್ ಹೋಗುವ ಹೊತ್ತಿಗೆ ಹಾಲು ಹುಳಿ ತಿರುಗಿರುತ್ತದೆ, ಊರಿಗೆ ಊರೇ ಕರೆದದ್ದು ಚರಂಡಿಗೆ ಹೋಗುತ್ತದೆ. ಆಮೇಲೆ ಮ್ಯಾನೇಜರ್ ಕೇಳುತ್ತಾನೆ, ಮೌನಕ್ಕೆ ಹಾಕಿ ಮರೆತವರು ಯಾರು ಎಂದು. ಹಿರಿಸೊಸೆ ಅದಕ್ಕಾಗಿ ಏನನ್ನೂ ಮಾಡಬೇಕಾಗಿರಲಿಲ್ಲ. ಕೂತರೆ ಸಾಕಿತ್ತು.

ಕೂತಳು. ಗುಡ್ಡದೂರು ಕೆಂಪಾಯಿತು, ಫೋನ್ ಮಾಡಿದಳು.

“ಯಾಕಪ್ಪ, ಬಾಣಂತಿ ಮತ್ತೆ ಮಲಗಿದಾಳೆ?”

“ಕರೆಂಟ್ ಹೋಗಿತ್ತು ಮೇಡಂ. ಎಬ್ಬಿಸ್ತಿದೀನಿ.”

“ಹಾಗೇ ಒಂದು ತೊಟ್ಟಿಲೂ ಕಟ್ಟಿಬಿಡು.”

ಆ ಕಡೆಯವನು ನಕ್ಕ. ಅವಳಿಗೆ ನಗು ಬರಲಿಲ್ಲ. ಮತ್ತೆ ಬೂದಿಯ ಅಡಿಯಲ್ಲಿ ಇಣುಕಿದಳು, ಅಂಕಿ ಕದಲಿರಲಿಲ್ಲ. ಕಿರಿಯಳ ಮದುವೆಗೆ ಹೋದಾಗ ಆ ಡೇರಿಯ ಮುಂದೆ ಕಂಡಿದ್ದ ಒಬ್ಬ ಮುದುಕಿ ನೆನಪಾದಳು, ಸೆರಗಿನಡಿ ಅರ್ಧ ತಂಬಿಗೆ ಹಾಲು ಹಿಡಿದು ಸಾಲಿನಲ್ಲಿ ನಿಂತವಳು. ಆ ನೆನಪನ್ನು ದೂಡಲು ಹಿರಿಸೊಸೆ ಪಡಸಾಲೆಯತ್ತ ಕಿವಿಗೊಟ್ಟಳು. ಮ್ಯಾನೇಜರನ ಕೋಣೆಯಿಂದ ಲೋಟಗಳ ಸದ್ದು ಬರುತ್ತಿತ್ತು. ಕಿರಿಯಳಿಗೆ ಚಹಾ ತರಿಸಿ, ಕೋಣೆಯ ಲೆಕ್ಕಪತ್ರಗಳನ್ನೆಲ್ಲ ತೋರಿಸುತ್ತ ಕೂತಿದ್ದಾನೆ. ಬೂದಿ ಚೌಕ ಬೂದಿಯಾಗಿಯೇ ಉಳಿಯಿತು.

ಹೊತ್ತು ನೆತ್ತಿಯತ್ತ ಏರುತ್ತಿದ್ದಾಗ ಫೋನ್ ಹೊಡೆದುಕೊಂಡಿತು.

“ಕಾವಲು ಕೋಣೆಯಾ? ನಮ್ಮ ಹುಡುಗಿ ಇದಾಳಾ?”

ಸೇತುವೆಯೂರಿನ ಕಾರ್ಯದರ್ಶಿಯ ದನಿ.

“ಇಲ್ಲ ಚಿಕ್ಕಪ್ಪ, ನಾನು.”

“ಓ, ದೊಡ್ಡ ಮಗಳು. ಈ ಕಡೆ ಬರೋದನ್ನೇ ಬಿಟ್ಟುಬಿಟ್ಟೆಯಲ್ಲಮ್ಮ, ನಾವೇನು ತಪ್ಪು ಮಾಡಿದ್ವಿ? ಏನಿಲ್ಲ, ಹೊಲದ ಕಡೆ ಹೋಗಿದ್ದೆ, ಈಗ ಬಂದೆ. ಟ್ಯಾಂಕಿನ ಫ್ಯಾನ್ ತಿರುಗೋ ಸದ್ದು ಬರ್ತಿದೆ, ಆದ್ರೂ ಒಂದು ಮಾತು ಕೇಳೋಣ ಅಂತ. ನಮ್ಮದು ಎದ್ದಿದೆ ತಾನೆ?”

ಎದ್ದಿದೆ ಎನ್ನಲು ಮೂರೇ ಅಕ್ಷರ. ಹಿರಿಸೊಸೆ ಆ ಮಾತನ್ನು ನಾಲಿಗೆಯ ತುದಿಗೆ ತಂದಳು. ಬೆಳಗಿನಿಂದ ಸುಮ್ಮನಿರುವುದು ಸುಲಭವಾಗಿತ್ತು, ಸುಳ್ಳು ಹೇಳುವುದು ಹಾಗಿರಲಿಲ್ಲ.

“ಹಲೋ? ಇದೀಯೇನಮ್ಮ?”

“ಇರಿ, ನೋಡ್ತೀನಿ.” ಮೌನ ತೆಗೆದಳು. ಬೂದಿ ಚೌಕ ಕೆಂಪಗೆ ಉರಿಯಿತು, ಗಂಟೆ ಅರಚಿತು. “ಮಲಗಿದೆ ಚಿಕ್ಕಪ್ಪ. ಫ್ಯಾನ್ ಸದ್ದು ನಂಬಬೇಡಿ. ಕಂಪ್ರೆಸರ್ ಎದ್ದೇ ಇಲ್ಲ, ಮೊದ್ಲು ಸ್ವಿಚ್ ನೋಡಿ, ಓಡಿ.”

ಮರುಕ್ಷಣವೇ ಟ್ಯಾಂಕರಿನ ಡ್ರೈವರಿಗೆ ಫೋನ್ ಮಾಡಿದಳು.

“ಎಲ್ಲಿದೀಯಪ್ಪ?”

“ಈಗ ಊಟಕ್ಕೆ ಕೂತೆ ಅಕ್ಕ.”

“ತುತ್ತು ಕೈಯಲ್ಲಿ ಹಿಡ್ಕೊಂಡೇ ಎದ್ದೇಳು. ಸೇತುವೆಯೂರಿಗೆ ಮೊದ್ಲು ಹೋಗು.”

ಗಂಟೆ ಕೇಳಿ ಮ್ಯಾನೇಜರ್ ಬಂದ, ಹಿಂದೆಯೇ ಕಿರಿಸೊಸೆ. ಪರದೆಯ ಕೊನೆಯ ಸಾಲು ನೋಡಿದ ಅವಳ ಕೈ ಬಾಯಿಗೆ ಹೋಯಿತು. ಮೂವರೂ ಆ ಚೌಕವನ್ನೇ ನೋಡುತ್ತ ನಿಂತರು. ಕೆಂಪು ಹಳದಿಯಾಯಿತು. ಟ್ಯಾಂಕರ್ ಬಂದು, ಒಕ್ಕೂಟದ ಪರೀಕ್ಷೆಯವನು ಕಾಯಿಸಿ ನೋಡಿ ಹಾಲು ಒಡೆದಿಲ್ಲವೆಂದು ಹೇಳಿಕಳಿಸುವವರೆಗೂ ಹಿರಿಸೊಸೆ ಡಬ್ಬಿ ಬಿಚ್ಚಲಿಲ್ಲ. “ಇನ್ನು ಸ್ವಲ್ಪ ತಡ ಆಗಿದ್ರೆ ಚರಂಡಿಗೇ,” ಎಂದನಂತೆ.

ಕಾರ್ಯದರ್ಶಿ ಫೋನ್ ಮಾಡಿ ವಿಚಾರಿಸಿದ್ದರೆಂದಷ್ಟೇ ಹಿರಿಸೊಸೆ ಹೇಳಿದಳು. ಮ್ಯಾನೇಜರ್ ಸೇತುವೆಯೂರಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ.

“ಸರಿಯಾದ ಹೊತ್ತಿಗೆ ವಿಚಾರಿಸಿದ್ರಿ ಯಜಮಾನ್ರೇ.”

“ನನ್ನದೇನಿದೆ ಸಾರ್, ಮಗಳು ಹೇಳ್ಕೊಟ್ಟಿದ್ದು. ಫ್ಯಾನ್ ಸದ್ದು ನಂಬಿ ಕೂರಬೇಡಪ್ಪ, ದಿನಾ ಬಿಸಿಲೇರೋ ಮುಂಚೆ ಕೋಣೆಗೊಂದು ಫೋನ್ ಹಾಕು ಅಂತ.”

ಆ ಮಾತು ಹಿರಿಸೊಸೆಯದು. ಕಿರಿಯಳು ಮೊದಲ ದಿನ ಕುರ್ಚಿಯಲ್ಲಿ ಕೂತಾಗ, ಡೇರಿಯವರಿಗೆಲ್ಲ ಹೀಗೆ ಹೇಳಿಡು ಎಂದು ಅವಳ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದು.

“ಇದಪ್ಪ ಕೆಲ್ಸ ಅಂದ್ರೆ,” ಎಂದ ಮ್ಯಾನೇಜರ್. “ತಾನು ನೋಡ್ಕೊಳ್ಳೋದು ಹಾಗಿರ್ಲಿ, ಊರಲ್ಲಿರೋರಿಗೂ ಕಲಿಸಿದಾಳೆ. ಏನಮ್ಮ, ಬರೋ ತಿಂಗಳಿಂದ ಈ ಕೋಣೆ ನಿನ್ನದು.”

ಇಲ್ಲ ಸಾರ್, ಅದು ಮೌನದಲ್ಲಿತ್ತು, ತೆಗೆದವಳು ನಾನು. ಹಿರಿಸೊಸೆಗೆ ಅಷ್ಟು ಹೇಳಿದರೆ ಸಾಕಿತ್ತು. ಹೇಳಿದರೆ ಮುಂದಿನ ಪ್ರಶ್ನೆ, ನೀವು ಅದನ್ನು ನೋಡಿದ್ದು ಯಾವಾಗ ಎಂಬುದು. ಅವಳು ನೀರು ಕುಡಿದಳು. ಕಿರಿಸೊಸೆ ಒಮ್ಮೆ ಅವಳನ್ನೂ ಒಮ್ಮೆ ಮ್ಯಾನೇಜರನನ್ನೂ ನೋಡಿ, “ಥ್ಯಾಂಕ್ಸ್ ಸಾರ್,” ಎಂದಳು.

ಹಿರಿಯಳ ಸರದಿ ಮುಗಿಯುವವರೆಗೂ ಕಿರಿಯಳು ಕಾದಳು. ಸಂಜೆ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೊರಟರು. ಕಿರಿಯಳು ಓಡಿಸುತ್ತಿದ್ದಳು, ಹಿರಿಯಳು ಅವಳ ಹೆಗಲು ಹಿಡಿಯದೆ ಸೀಟಿನ ಹಿಂದಿನ ಕಂಬಿ ಹಿಡಿದು ಕೂತಿದ್ದಳು. ಇಷ್ಟೆಲ್ಲ ಆದರೂ ಎದುರಿನ ಜಡೆಯ ಒಂದು ಎಳೆಯೂ ಸಡಿಲಾಗಿರಲಿಲ್ಲ. ಮೇವಿನ ಹೊಲಗಳ ನಡುವೆ ದಾರಿ ಕಿರಿದಾದಲ್ಲಿ ಮೇದು ಮರಳುವ ದನಗಳ ಹಿಂಡು ಅಡ್ಡ ಬಂತು. ಕಿರಿಯಳು ಗಾಡಿ ನಿಲ್ಲಿಸಿ ಇಂಜಿನ್ ಆರಿಸಿದಳು.

“ಅಕ್ಕ.”

“ಏನು?”

“ಮ್ಯಾನೇಜರ್ ಕರೆದ್ರು ಅನ್ನೋ ಗಡಿಬಿಡೀಲಿ ಅದನ್ನ ತೆಗೆಯೋಕೆ ಮರೆತೆ.”

“ಮರೀತೀವಿ. ಮನುಷ್ಯರು ತಾನೆ.”

ದನಗಳು ಸ್ಕೂಟರಿನ ಎರಡೂ ಬದಿಗೆ ಮೈ ಉಜ್ಜಿಕೊಂಡು ಸಾಗಿದವು.

“ನೀನು ಕೂತ ಕೂಡ್ಲೇ ಬೂದಿ ಚೌಕ ಹುಡುಕ್ತೀಯ,” ಕಿರಿಯಳು ತಿರುಗದೆಯೇ ಹೇಳಿದಳು. “ಒಂದು ದಿನಾನೂ ತಪ್ಪಿಸಿದ್ದು ನಾನು ನೋಡಿಲ್ಲ.”

“ಕಾಲು ಒಳಗೆ ಎಳ್ಕೋ. ತುಳಿದಾವು.”

ಕಿರಿಯಳು ಕಾಲು ಎಳೆದುಕೊಂಡಳು. “ಸಾರ್ ಮುಂದೆ ನಾನು ಹೇಳ್ಬೇಕಿತ್ತು.”

“ಹೇಳ್ಲಿಲ್ವಲ್ಲ.”

“ನೀನೂ ಹೇಳ್ಲಿಲ್ಲ.”

ಹಿಂದುಳಿದ ಹಸುವೊಂದು ಬದುವಿಗೆ ಬಾಯಿ ಹಾಕಿ ಹುಲ್ಲು ಕಿತ್ತಿತು. ಕಾಯುವವನು ನಾಲಿಗೆ ಲೊಚಗುಟ್ಟಿದ, ಅದು ಅಗಿಯುತ್ತಲೇ ನಡೆಯಿತು. ಎದ್ದ ಧೂಳು ನಿಧಾನವಾಗಿ ದಾರಿಯ ಮೇಲೆ ಕೂತಿತು. ಮುಂದೆ ರಸ್ತೆ ಬರಿದಾಗಿತ್ತು. ಕಿರಿಯಳು ಗಾಡಿ ಚಾಲೂ ಮಾಡಲಿಲ್ಲ. ಮಾಡು ಎಂದು ಹಿರಿಯಳೂ ಹೇಳಲಿಲ್ಲ.