ಎಡಗಡೆಯ ಸೀಟು

ದಿನೇಶ್ ಮತ್ತು ಹೆಣದ ವ್ಯಾನಿನ ಡ್ರೈವರ್ ಇಬ್ಬರೂ ಸೇರಿ ಕಾರನ್ನು ಹಿಂದಿನಿಂದ ನೂಕುತ್ತಿದ್ದರು. ಕಾರು ಅಲ್ಲಾಡಿತೇ ಹೊರತು ಒಂದು ಗೇಣೂ ಮುಂದಕ್ಕೆ ಹೋಗಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದಿತ್ತು, ಬಾಗಿಲುಗಳೆಲ್ಲ ಲಾಕ್ ಆಗಿದ್ದವು, ಕೀ ಎಲ್ಲೂ ಸಿಕ್ಕಿರಲಿಲ್ಲ.

ಕಾರು ನಿಂತಿದ್ದುದು ಅಪಾರ್ಟ್‌ಮೆಂಟಿನ ಗೇಟಿಗೆ ಸರಿಯಾಗಿ ಅಡ್ಡ. ಅದು ಆಚೆ ಬಂದರೆ ಮಾತ್ರ ವ್ಯಾನ್ ರಿವರ್ಸಿನಲ್ಲಿ ಒಳಗೆ ಹೋಗಬಹುದು. ಅಲ್ಲಿಯವರೆಗೆ ವ್ಯಾನ್ ಗಲ್ಲಿಯಲ್ಲೇ ನಿಲ್ಲಬೇಕು, ಮದ್ರಾಸಿನ ವೆಸ್ಟ್ ಮಾಂಬಲಂನ ಆ ಗಲ್ಲಿಯಲ್ಲಿ ವ್ಯಾನ್ ನಿಂತರೆ ಪಕ್ಕದಲ್ಲಿ ಸೈಕಲ್ ಹೋಗುವುದೂ ಕಷ್ಟ. ಆಗಲೇ ಹಿಂದೆ ಎರಡು ಆಟೋ, ಒಂದು ನೀರಿನ ಕ್ಯಾನ್ ಗಾಡಿ ಬಂದು ನಿಂತಿದ್ದವು. ಸಾವಿನ ಮನೆ ಎಂದು ನೋಡಿಕೊಂಡು ಹಾರ್ನ್ ಮಾಡದೆ ಸುಮ್ಮನಿದ್ದರು, ಅಷ್ಟೇ.

"ಸಾರ್, ಅಡುತ್ತ ಡ್ಯೂಟಿ ಇರುಕ್ಕು ಸಾರ್," ಎಂದ ಡ್ರೈವರ್, ಮುಂದಿನ ಮನೆಗೆ ಹೊತ್ತಾಯಿತೆಂದು ಕೈ ಕೊಡವಿಕೊಳ್ಳುತ್ತ.

"ಇರಪ್ಪಾ, ಕೊಂಜಂ ಇರು," ಎಂದು ದಿನೇಶ್ ಒಳಗೆ ನೋಡಿ ಹೆಂಡತಿಯನ್ನು ಕೂಗಿದ. "ಭಾವನಾ, ಬೆಳಿಗ್ಗೆ ಗಾಡಿ ತೆಗೆದೋಳು ನೀನು. ಕೀ ಎಲ್ಲಿಟ್ಟೆ, ಸರಿಯಾಗಿ ಯೋಚ್ನೆ ಮಾಡು."

"ಬಾನೆಟ್ ಮೇಲೇ ಇಟ್ಟೆ ಅಂತ ಎಷ್ಟು ಸಲ ಹೇಳಲಿ," ಎಂದಳು ಭಾವನಾ. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು.

ಅವಳ ತಾಯಿ ಸುಮತಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಳು. ಎರಡನೇ ಮಹಡಿಯ ಮನೆಗೆ ಆ ಪೆಟ್ಟಿಗೆ ಹತ್ತಿಸುವುದು ಆಗದ ಮಾತು. ಹಾಗಾಗಿ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲೇ, ಸುಮತಿಯ ಈ ಕಾರನ್ನು ಅದರ ಜಾಗದಿಂದ ಗೇಟಿನ ಕಡೆಗೆ ತೆಗೆಸಿ, ಅಲ್ಲಿ ಇಟ್ಟಿದ್ದರು. ಮುತ್ತೈದೆ ಎಂದು ಹಣೆ ತುಂಬ ಕುಂಕುಮ, ಮುಡಿ ತುಂಬ ಹೂವು. ನೆಲದಲ್ಲಿ ಹಳೆಯ ಆಯಿಲ್ ಕಲೆ ಇನ್ನೂ ಹಾಗೇ ಇತ್ತು.

ಕೀ ಬದರಿನಾಥರ ಬಲಗೈಯಲ್ಲಿತ್ತು.

ಅವರು ಪೆಟ್ಟಿಗೆಯ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒದ್ದೆ ಪಂಚೆಯಲ್ಲಿ ಕೂತಿದ್ದರು. ಗಂಡುಮಕ್ಕಳಿಲ್ಲ, ಕರ್ಮ ಅವರೇ ಮಾಡಬೇಕು. ಟವೆಲಿನ ಕೆಳಗೆ ಕೈ ಮುಚ್ಚಿಕೊಂಡು ಎಲ್ಲರ ಹುಡುಕಾಟವನ್ನೂ ಕೇಳಿಸಿಕೊಳ್ಳುತ್ತಿದ್ದರು. ಎಪ್ಪತ್ತನಾಲ್ಕು ವರ್ಷದ ಮನುಷ್ಯ ಕಾರಿನ ಕೀ ಕದ್ದು ಇಟ್ಟುಕೊಂಡಿದ್ದಾನೆ ಎಂದರೆ ಯಾರು ನಂಬುತ್ತಾರೆ? ಆದರೆ ನಿಜ. ಹನ್ನೊಂದು ವರ್ಷದಲ್ಲಿ ಅವರು ಹೆಂಡತಿಯ ಕಾರಿನಲ್ಲಿ ಒಂದು ಸಲವೂ ಕೂತಿರಲಿಲ್ಲ. ಅವಳು ಈ ಗೇಟು ದಾಟುವ ಮೊದಲು ಒಂದೇ ಒಂದು ಸಲ ಕೂರಬೇಕಿತ್ತು. ದಿನೇಶನ ಕೈಗೆ ಕೀ ಹೋದರೆ ಕಾರು ಆಚೆ, ವ್ಯಾನು ಒಳಗೆ, ಐದು ನಿಮಿಷದಲ್ಲಿ ಎಲ್ಲ ಮುಗಿದುಹೋಗುತ್ತದೆ. ಇಷ್ಟು ಜನರ ಮುಂದೆ ಅದನ್ನು ಬಾಯಿಬಿಟ್ಟು ಕೇಳುವ ಧೈರ್ಯ ಮಾತ್ರ ಅವರಿಗೆ ಬರುತ್ತಿರಲಿಲ್ಲ.

*

ಸುಮತಿ ನುಂಗಂಬಾಕ್ಕಂನ ಒಂದು ವಿಮಾ ಕಚೇರಿಯಲ್ಲಿ ಕ್ಲರ್ಕಾಗಿ ಸೇರಿ, ಅಲ್ಲೇ ಸೂಪರಿಂಟೆಂಡೆಂಟ್ ಆದವಳು. ಐವತ್ತಾರನೇ ವಯಸ್ಸಿನಲ್ಲಿ ಒಂದು ದಿನ ಹುಳಿ ಬಡಿಸುತ್ತ, "ನಾನೊಂದು ಕಾರು ತೊಗೋತೀನಿ, ಚಿಕ್ಕದು," ಎಂದಳು.

"ಈ ವಯಸ್ಸಲ್ಲಾ?" ಎಂದರು ಬದರಿನಾಥ.

"ಮತ್ಯಾವ ವಯಸ್ಸಲ್ಲಿ? ನಿಮ್ಮ ಫ್ರೆಂಡ್ಸೆಲ್ಲ ರಿಟೈರ್ ಆಗಿ ಕಾಶಿಗೆ ಹೋದ್ರು. ನಾನು ಪಾಂಡಿಬಜಾರ್‌ಗೆ ಹೋಗ್ತೀನಿ, ಎಸಿ ಹಾಕ್ಕೊಂಡು."

ಇಬ್ಬರೂ ಒಟ್ಟಿಗೇ ಡ್ರೈವಿಂಗ್ ಸ್ಕೂಲಿಗೆ ಸೇರಿದರು. ಬದರಿನಾಥ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು, ಬೀಚ್ ಸ್ಟೇಷನ್ನಿನಿಂದ ತಾಂಬರಂಗೆ, ತಾಂಬರಂನಿಂದ ಬೀಚಿಗೆ ಮೂವತ್ತು ವರ್ಷ ಹಸಿರು ಬಾವುಟ ತೋರಿಸಿ ರೈಲು ಹೊರಡಿಸಿದವರು. ಕಾರು ಯಾವ ಲೆಕ್ಕ ಎಂದುಕೊಂಡಿದ್ದರು. ಪರೀಕ್ಷೆಯ ದಿನ ಸುಮತಿ ಒಂದೇ ಸಲಕ್ಕೆ ಪಾಸಾದಳು. ಬದರಿನಾಥರ ಕಾರು ದಿಬ್ಬದ ಮೇಲೆ ಆಫ್ ಆಯಿತು, ಮೆಲ್ಲಗೆ ಹಿಂದಕ್ಕೆ ಜಾರಿತು, ಅಲ್ಲಿಟ್ಟಿದ್ದ ಟಾರ್ ಡ್ರಮ್ಮಿಗೆ ಗುದ್ದಿ ನಿಂತಿತು.

ನಿಂಬೆಹಣ್ಣಿನ ಬಣ್ಣದ ಪುಟ್ಟ ಕಾರು ಮನೆಗೆ ಬಂದ ದಿನ ಊಟಕ್ಕೆ ಹತ್ತು ಹನ್ನೆರಡು ಜನ. ಮೈಸೂರಿನಿಂದ ಬಂದಿದ್ದ ಸುಮತಿಯ ಅಣ್ಣ ಕಿಟ್ಟಣ್ಣ ಹೋಳಿಗೆ ಮುರಿಯುತ್ತ, "ಪಾಪ, ಬದರೀದೇನೂ ತಪ್ಪಿಲ್ಲ. ಮೂವತ್ತು ವರ್ಷ ಕಡೇ ಡಬ್ಬೀಲಿ ಕೂತೋನಿಗೆ ಮುಂದೆ ಕೂರ್ಸಿದ್ರೆ ಕಣ್ಣು ಕತ್ತಲೆ ಬರದೆ ಇನ್ನೇನು," ಎಂದ.

ಎಲ್ಲರೂ ನಕ್ಕರು. ಸುಮತಿಯೂ ನಕ್ಕಳು. ಬದರಿನಾಥರಿಗೆ ಉಳಿದವರ ನಗು ತಾಗಲಿಲ್ಲ, ಅವಳದು ತಾಗಿತು. "ನನ್ನ ಲೈಸೆನ್ಸ್ ನನ್ನ ಕೈಗೆ ಬರೋವರೆಗೂ ಆ ಕಾರಿಗೆ ನಾನು ಕಾಲಿಡಲ್ಲ," ಎಂದುಬಿಟ್ಟರು.

ಮತ್ತೆ ಪರೀಕ್ಷೆಗೆ ಹೋಗಲೂ ಇಲ್ಲ. ಮೊದಲು ಮುಂದಿನ ತಿಂಗಳು ಎಂದರು, ಆಮೇಲೆ ಮಂಡಿನೋವು ಎಂದರು, ಆಮೇಲೆ ಯಾರೂ ಕೇಳುವುದನ್ನೇ ಬಿಟ್ಟರು. ಆಡಿದ ಮಾತು ಹಿಂತೆಗೆದುಕೊಳ್ಳಲು ಒಂದು ನೆಪ ಸಿಕ್ಕಿದ್ದರೆ ಅವರು ಎರಡನೇ ವಾರದಲ್ಲೇ ಹತ್ತಿ ಕೂತುಬಿಡುತ್ತಿದ್ದರು. ಯಾರೂ ಬಲವಂತ ಮಾಡಲಿಲ್ಲ.

*

ಮೈಸೂರಿನ ರೈಲಿಳಿದು ಸೀದಾ ಬಂದಿದ್ದ ಕಿಟ್ಟಣ್ಣ ಈಗ ಗೋಡೆಗೊರಗಿ ಕೂತಿದ್ದ. ತಂಗಿಗಿಂತ ಒಂಬತ್ತು ವರ್ಷ ದೊಡ್ಡವನು. ಪಕ್ಕದಲ್ಲಿ ನೆಲಮಹಡಿಯ ಮನೆಯ ಲೀಲಮ್ಮ. ತಾನಾಗಿ ಮಾತಾಡುವ ಹೆಂಗಸಲ್ಲ, ಇವತ್ತು ಮಾತ್ರ ನಿಲ್ಲಿಸಲಾರದೆ ಮಾತಾಡುತ್ತಿದ್ದರು.

"ವಾರಕ್ಕೆರಡು ಸಲ ನಂಗೆ ಡಯಾಲಿಸಿಸ್. ಮಗ ಆಫೀಸ್ ರಜಾ ಹಾಕೋಕಾಗಲ್ಲ ಅಂದ. ಸುಮತಿ ಬಂದು, ಮಂಗಳವಾರ ಶುಕ್ರವಾರ ತಾನೆ, ಏಳು ಗಂಟೆಗೆ ರೆಡಿ ಆಗಿರಿ ಅಂದ್ಲು. ಮೂರು ವರ್ಷ ಆಯ್ತು. ಒಂದಿನ ತಪ್ಪಿಸಲಿಲ್ಲ. ನಾನು ಒಳಗಿದ್ರೆ ಅವಳು ಕಾರಲ್ಲಿ ಕೂತು ಸ್ವೆಟರ್ ಹೆಣೀತಿದ್ಲು. ಈ ಮೆಡ್ರಾಸಲ್ಲಿ ಸ್ವೆಟರ್ ಯಾರಿಗಮ್ಮಾ ಅಂದ್ರೆ, ಕೈ ಸುಮ್ನಿರಲ್ಲ ಅನ್ನೋಳು."

"ಹೆಚ್ಚು ಸ್ಪೀಡಾ?" ಎಂದು ಕೇಳಿದ ಕಿಟ್ಟಣ್ಣ.

"ಅಯ್ಯೋ, ಎಲ್ಲಿ ಸ್ಪೀಡು. ಸೈಕಲ್ಲೋರೆಲ್ಲ ಮುಂದೆ ಹೋಗೋರು."

ಬಾಗಿ ಕೇಳುತ್ತಿದ್ದ ಮೊಮ್ಮಗಳು ಪ್ರಣಮ್ಯಾ ನಡುವೆ ಬಾಯಿ ಹಾಕಿದಳು. ಕಾಲೇಜಿನ ಹುಡುಗಿ, ಇಲ್ಲೇ ಅಣ್ಣಾ ನಗರದಲ್ಲಿ ಹುಟ್ಟಿ ಬೆಳೆದವಳು, ಮಾತಿನಲ್ಲಿ ಅರ್ಧ ತಮಿಳು. "ತಾತ ನಮ್ಮನೆಗೆ ಬಸ್‌ಲ ವರುವಾರು. ಅಜ್ಜಿ ಕಾರಲ್ಲಿ ಆ ಬಸ್ಸನ್ನೇ ಫಾಲೋ ಪಣ್ಣುವಾಂಗ. ಬಸ್ ನಿಂತಾಗೆಲ್ಲ ಅಜ್ಜೀನೂ ನಿಲ್ಸೋರು. ಒಂದ್ಸಲ ನಾನೂ ಇದ್ದೆ. ಓವರ್‌ಟೇಕ್ ಪಣ್ಣಲಾಮೇ ಅಜ್ಜಿ ಅಂದೆ. ತಾತ ಹಿಂದಿನ್ ಸೀಟಲ್ಲಿ ಕೂತು ನೋಡ್ತಿರ್ತಾರೆ, ನಾನು ಕಾಣ್ಸಿಲ್ಲಾಂದ್ರೆ ಟೆನ್ಷನ್ ಆಗ್ತಾರೆ ಅಂದ್ರು."

ಲೀಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ತಾನು ಹೋಳಿಗೆ ತಿನ್ನುತ್ತ ಆಡಿದ ತಮಾಷೆ ಕಿಟ್ಟಣ್ಣನಿಗೂ ಮರೆತಿರಲಿಲ್ಲ. ಅವನು ತಂಗಿಯ ಗಂಡನ ಕಡೆ ನೋಡಿದ. ಬದರಿನಾಥ ಬಿಗಿಹಿಡಿದ ಕೈಯನ್ನು ಟವೆಲಿನಡಿ ಇನ್ನಷ್ಟು ಒಳಕ್ಕೆ ಎಳೆದುಕೊಂಡರು.

ಹೊರಗೆ ಡ್ರೈವರ್ ಫೋನಿನಲ್ಲಿ ಯಾರಿಗೋ ಸಮಾಧಾನ ಹೇಳುತ್ತಿದ್ದ. "ಗಾಜು ಒಡೆದ್ರೆ ಹೇಗೆ?" ಎಂದು ಗಲ್ಲಿಯವರೊಬ್ಬರು ಸಲಹೆ ಕೊಟ್ಟರು. ದಿನೇಶ್ ಕಲ್ಲಿಗಾಗಿ ಅತ್ತಿತ್ತ ನೋಡತೊಡಗಿದ.

*

ಐದು ದಿನದ ಹಿಂದೆ, ಬೆಳಗಿನ ಕಾಫಿಯ ಹೊತ್ತಿಗೆ, ಸುಮತಿ ಎದೆ ಒತ್ತಿದ ಹಾಗಿದೆ ಎಂದಳು. "ಡಾಕ್ಟರ್ ಹತ್ರ ಹೋಗಿಬರೋಣ. ಬನ್ನಿ, ನಾನೇ ಓಡಿಸ್ತೀನಿ."

"ಆಟೋ ಕರೀತೀನಿ."

"ಕಾರು ಕೆಳಗೇ ಇದೆಯಲ್ರೀ."

"ಸರಿ, ನೀನು ನಡಿ. ನಾನು ಹಿಂದೇನೇ ಬರ್ತೀನಿ."

ಎದೆನೋವಿನವಳನ್ನು ಒಬ್ಬಳೇ ಕಾರು ಓಡಿಸಿಕೊಂಡು ಹೋಗಲು ಬಿಟ್ಟು, ಆರೋಗ್ಯವಾಗಿದ್ದ ಗಂಡ ಹಿಂದೆ ಆಟೋದಲ್ಲಿ ಹೋದ. ಹೀಗೆ ಹೇಳಿದರೆ ಅದು ಎಷ್ಟು ಹೇಸಿಗೆಯಾಗಿ ಕಾಣುತ್ತದೆಯೋ ಅಷ್ಟೇ ಹೇಸಿಗೆ ಅದು, ಬದರಿನಾಥರಿಗೇ ಅದು ಗೊತ್ತಿತ್ತು. ಆ ಕ್ಷಣಕ್ಕೆ ಅದೊಂದು ಗ್ಯಾಸ್ಟ್ರಿಕ್ ಎಂದುಕೊಂಡಿದ್ದರು.

ಸುಮತಿಯನ್ನು ಅಡ್ಮಿಟ್ ಮಾಡಿಕೊಂಡರು. ಕಾರನ್ನು ಭಾವನಾ ಮನೆಗೆ ತಂದಳು. ಮೂರನೆಯ ದಿನ ಸ್ವಲ್ಪ ಗೆಲುವಾಗಿದ್ದ ಸುಮತಿ ಇಡ್ಲಿ ತಿಂದು, ಗಂಡನನ್ನು ಹತ್ತಿರ ಕರೆದಳು.

"ಡಿಸ್ಚಾರ್ಜ್ ದಿನ ಅಳಿಯಂದಿರು ಕಾರು ತರ್ತಾರಂತೆ. ನೀವು ಅವತ್ತೂ ಆಟೋದಲ್ಲೇ ಬರೋದಾ?"

ಬದರಿನಾಥ ಕಿಟಕಿಯ ಕಡೆ ನೋಡಿದರು. ಅವಳು ನಗುತ್ತಿರಲಿಲ್ಲ.

"ಒಂದು ಸಲ ಕೂತ್ಕೊಳ್ರೀ. ಎಷ್ಟು ಚೆನ್ನಾಗಿ ಇಟ್ಕೊಂಡಿದೀನಿ ಗೊತ್ತಾ? ನಿಮಗೇ ತೋರ್ಸಿಲ್ಲ."

"ಕೂತ್ಕೋತೀನಿ," ಎಂದರು. ಹನ್ನೊಂದು ವರ್ಷ ಬಾಯಿಗೆ ಬರದ ಮಾತು ಎಷ್ಟು ಸಲೀಸಾಗಿ ಬಂತೆಂದು ಅವರಿಗೇ ಆಶ್ಚರ್ಯವಾಯಿತು. ನಿನ್ನೆ ಮಧ್ಯಾಹ್ನ ಅವಳು ಹೋಗಿಬಿಟ್ಟಳು.

*

ದಿನೇಶನಿಗೆ ಒಂದು ಇಟ್ಟಿಗೆ ಸಿಕ್ಕಿತ್ತು. ಅವನು ಅದನ್ನು ಕೈಯಲ್ಲಿ ಹಿಡಿದು ಯಾವ ಗಾಜು ಒಡೆಯಲಿ ಎಂದು ನೋಡುತ್ತಿದ್ದಾಗ ಬದರಿನಾಥ ಕುರ್ಚಿಯಿಂದ ಎದ್ದರು.

"ಒಡೀಬೇಡಿ."

ಕೈ ಬಿಚ್ಚಿ ಚಾಚಿದರು. ಕೀ ಅಂಗೈಗೆ ಒತ್ತಿ ಒತ್ತಿ ಕೆಂಪಗೆ ಗುರುತು ಬಿದ್ದಿತ್ತು.

"ಅಪ್ಪಾ, ಇಷ್ಟು ಹೊತ್ತು..." ಎಂದು ಶುರುಮಾಡಿದ ಭಾವನಾ ಅಲ್ಲಿಗೇ ನಿಲ್ಲಿಸಿದಳು. ದಿನೇಶ್ ಇಟ್ಟಿಗೆ ಕೆಳಗಿಟ್ಟು ಬಂದು ಕೀ ತೆಗೆದುಕೊಂಡ. ಬದರಿನಾಥ ಅವನ ಹಿಂದೆಯೇ ಎರಡು ಹೆಜ್ಜೆ ಇಟ್ಟರು, ನಿಂತರು, ಮತ್ತೆ ಒಂದು ಹೆಜ್ಜೆ ಇಟ್ಟರು.

"ಎಲ್ಲಿಗೆ ಹೊರಟ್ರಿ?" ಎಂದರು ಕರ್ಮ ಮಾಡಿಸಲು ಬಂದಿದ್ದ ಶಾಸ್ತ್ರಿಗಳು. "ಕರ್ತೃ ನೀವು. ಇಲ್ಲೇ ಇರಬೇಕು."

ಬದರಿನಾಥ ತಲೆ ತಗ್ಗಿಸಿದರು. ಹೇಳಬೇಕಾದದ್ದನ್ನು ಅವರು ಶಾಸ್ತ್ರಿಗಳಿಗೆ ಹೇಳಲಿಲ್ಲ, ಕಿಟ್ಟಣ್ಣನಿಗೆ ಹೇಳಿದರು. "ಕಿಟ್ಟಣ್ಣ, ಕೂತ್ಕೋತೀನಿ ಅಂತ ಅವಳಿಗೆ ಮಾತು ಕೊಟ್ಟಿದ್ದೆ. ನನ್ನ ಲೈಸೆನ್ಸು ಗೀಸೆನ್ಸು ಏನೂ ಬರಲಿಲ್ಲ. ಆದ್ರೂ ಕೂತ್ಕೋಬೇಕು."

ಎಪ್ಪತ್ತಾರರ ಕಿಟ್ಟಣ್ಣ ಗೋಡೆ ಹಿಡಿದು ಮೇಲೆದ್ದ. "ಸ್ವಾಮಿ, ಗಲ್ಲಿ ತುದೀವರೆಗೆ ಅಷ್ಟೆ. ಹೋಗಿ ಬರ್ತಾನೆ. ದೋಷ ಏನಾದ್ರೂ ಇದ್ರೆ ನನ್ನ ತಲೆಗೆ ಕಟ್ಟಿ," ಎಂದು ಶಾಸ್ತ್ರಿಗಳಿಗೆ ಕೈ ಮುಗಿದ. ಶಾಸ್ತ್ರಿಗಳು ಕಾರಿನ ಕಡೆ ನೋಡಿದರು, ಪೆಟ್ಟಿಗೆಯ ಕಡೆ ನೋಡಿದರು, ಆಮೇಲೆ ದರ್ಭೆ ಜೋಡಿಸಲು ಕೂತುಬಿಟ್ಟರು.

ಬದರಿನಾಥ ಗಾಜಿನ ಪೆಟ್ಟಿಗೆಯ ಮೇಲೆ ಬಾಗಿದರು. "ನೋಡು, ಕೂತ್ಕೋತಿದೀನಿ," ಎಂದರು. ಹತ್ತಿರವಿದ್ದವರಿಗೆಲ್ಲ ಕೇಳಿಸಿತು. ಅವರು ಅದಕ್ಕೆ ನಾಚಿಕೊಳ್ಳಲಿಲ್ಲ.

ಕಾರಿನ ಎಡಗಡೆಯ ಬಾಗಿಲು ತೆಗೆದು ಮತ್ತೆ ನಿಂತರು. ಒಳಗೆ ಸಾಂಬ್ರಾಣಿಯ ವಾಸನೆ. ಸೀಟಿಗೆ ಬಿಳಿ ಹತ್ತಿಯ ಕವರು, ಒಗೆದು ಇಸ್ತ್ರಿ ಮಾಡಿ ಹಾಕಿದ್ದು.

"ಪಂಚೆ ಒದ್ದೆ ಇದೆ," ಎಂದರು ಕಿಟ್ಟಣ್ಣನಿಗೆ. "ಸೀಟು ಹಾಳಾಗತ್ತೆ. ಬೈತಾಳೆ."

"ಬೈಲಿ. ಕೂತ್ಕೋ."

ಬದರಿನಾಥ ಕೂತರು. ಬಲಗಡೆಯಿಂದ ದಿನೇಶ್ ಒಳಗೆ ಬಂದ. ಬಂದ ಎನ್ನುವುದಕ್ಕಿಂತ ತುರುಕಿಕೊಂಡ ಎನ್ನಬೇಕು, ಅವನು ಆರಡಿಯ ಮೇಲೆ ಎರಡಂಗುಲದ ಆಳು. ಸುಮತಿ ಐದಡಿಯೂ ಇರಲಿಲ್ಲ, ಭಾವನಾಳಿಗೂ ತಾಯಿಯದೇ ಎತ್ತರ. ಮಂಡಿ ಹೋಗಿ ಸ್ಟಿಯರಿಂಗಿಗೆ ಬಡಿಯಿತು. ದಿನೇಶ್ ಸೀಟಿನ ಕೆಳಗೆ ಕೈ ಹಾಕಿ, ಹಿಂದಕ್ಕೆ ಸರಿಸುವ ಕಂಬಿಗಾಗಿ ತಡಕಾಡಿದ.

ಬದರಿನಾಥ ಅವನ ಮಣಿಕಟ್ಟು ಹಿಡಿದುಕೊಂಡರು.

"ಸರಿಸಬೇಡಿ. ಅವಳಿಟ್ಕೊಂಡ ಹಾಗೇ ಇರ್ಲಿ."

"ಕಾಲೇ ಹಿಡಿಸ್ತಿಲ್ಲ ಮಾವ."

"ದಯವಿಟ್ಟು."

ಮಾವನ ಬಾಯಲ್ಲಿ ಆ ಮಾತನ್ನು ದಿನೇಶ್ ಈ ಇಪ್ಪತ್ತು ವರ್ಷದಲ್ಲಿ ಕೇಳಿರಲಿಲ್ಲ. ಕಂಬಿ ಬಿಟ್ಟ. ಮಂಡಿಗಳನ್ನು ಸ್ಟಿಯರಿಂಗಿನ ಎರಡೂ ಪಕ್ಕಕ್ಕೆ ಅಗಲಿಸಿ, ಸೂರಿಗೆ ತಾಗದ ಹಾಗೆ ಕುತ್ತಿಗೆ ಬಾಗಿಸಿ, ಕ್ಲಚ್ಚು ಒತ್ತಲು ಎಡಗಾಲನ್ನು ಕೈಯಿಂದ ಎತ್ತಿಟ್ಟುಕೊಂಡು ಗೇರ್ ಹಾಕಿದ. ಕಾರು ನಡಿಗೆಯ ವೇಗದಲ್ಲಿ ಗೇಟು ದಾಟಿತು, ವ್ಯಾನಿನ ಮುಂದಿನಿಂದ ತಿರುಗಿತು, ಗಲ್ಲಿಯ ತುದಿಯ ಇಸ್ತ್ರಿ ಅಂಗಡಿಯ ಪಕ್ಕ ಹೋಗಿ ನಿಂತಿತು.

ಹಿಂದೆ ವ್ಯಾನು ಒಳಗೆ ಹೋದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಕಿಟ್ಟಣ್ಣ ಏದುಸಿರು ಬಿಡುತ್ತ ಬಂದು ಕಿಟಕಿಯಲ್ಲಿ ಬಗ್ಗಿದ.

"ಬದರಿ, ಬಾ. ಎತ್ತಬೇಕಂತೆ."

ಬದರಿನಾಥ ಬೆಲ್ಟು ಹಾಕಿಕೊಂಡಿದ್ದರು. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ನೇರ ಎದುರಿನ ರಸ್ತೆ ನೋಡುತ್ತಿದ್ದರು. ಬಿಳಿಯ ಕವರಿನ ಮೇಲೆ ಪಂಚೆಯ ನೀರು ಹರಡುತ್ತಿತ್ತು.

"ಒಂದ್ನಿಮಿಷ," ಎಂದರು.

ಕಿಟ್ಟಣ್ಣ ಕಾದ. ಪಕ್ಕದ ಸೀಟಿನಲ್ಲಿ ದಿನೇಶ್, ಕಾರು ಆಫ್ ಮಾಡಿದ್ದರೂ ಇಳಿಯದೆ, ಮಂಡಿಗಳನ್ನು ಕಿವಿಯವರೆಗೂ ಮಡಿಸಿಕೊಂಡು ಹಾಗೆಯೇ ಕೂತಿದ್ದ.