ನೂರ ಹನ್ನೆರಡನೇ ಪುಟ

ನಡೀನ್ ಸ್ಟಾಂಪರ್ ಬೀನ್ಸ್ ತುಂಬಿದ ಪಾತ್ರೆಯನ್ನು ಮೇಜಿನ ಮೇಲಿಟ್ಟಾಗ ಚರ್ಚಿನ ನೆಲಮಾಳಿಗೆಯಲ್ಲಿ ಮಾತು ನಿಂತಿತು. ಹಾರ್ಲನ್ ಪ್ರುಯಿಟ್‌ನನ್ನು ಮಣ್ಣು ಮಾಡಿ ಬಂದು ಎಲ್ಲರೂ ಊಟಕ್ಕೆ ಕೂತಿದ್ದರು. ಅವಳು ಬರುತ್ತಾಳೆಂದು ಯಾರೂ ಎಣಿಸಿರಲಿಲ್ಲ.

"ಶತ್ರು ಸತ್ತ ಅಂತ ಹಬ್ಬದೂಟ ತಂದ್ಯೇನೇ?" ಎಂದ ಮುದುಕ ಕ್ಲೀಟಸ್.

"ಬಾಯಿ ಇರೋದು ತಿನ್ನೋಕೆ ಮಾಮ, ಸುಮ್ನೆ ತಿನ್ನು."

ಹಾರ್ಲನ್ ಕತೆ ಕಟ್ಟುವವನಲ್ಲ, ನಡೆದದ್ದನ್ನು ಬರೆಯುವವನು. ಈ ಊರಿನ ಕಲ್ಲಿದ್ದಲ ಗಣಿ ಸಿಡಿದು ಮೂವತ್ತೊಂದು ಜನ ಸತ್ತದ್ದನ್ನು ಬರೆದು ದೇಶಕ್ಕೆಲ್ಲ ಹೆಸರಾದ. ಅನಿಲ ಪರೀಕ್ಷಿಸುವ ವರ್ಜಿಲ್ ಸ್ಟಾಂಪರ್ ಅಂದು ಗಣಿಗಿಳಿಯದೆಯೇ 'ಅನಿಲವಿಲ್ಲ' ಎಂದು ಸಹಿ ಹಾಕಿದ ಎಂದು ಆ ಪುಸ್ತಕದ ನೂರ ಹನ್ನೆರಡನೇ ಪುಟದಲ್ಲಿತ್ತು. ಕಂಪನಿಯವರ ಮಾತು ನಂಬಿ ಬರೆದದ್ದು. ವರ್ಜಿಲ್ ನಡೀನಳ ಅಪ್ಪ.

*

ಹನ್ನೆರಡು ವರ್ಷದ ಮೇಲೆ ಹಾರ್ಲನ್‌ಗೆ ವರ್ಜಿಲ್‌ನ ಅಸಲಿ ದಾಖಲೆ ಸಿಕ್ಕಿತು: 'ಅನಿಲ ಇದೆ. ಯಾರನ್ನೂ ಇಳಿಸಬೇಡಿ.' ಅಷ್ಟರಲ್ಲಿ ಊರವರ ಬೈಗುಳ ತಿಂದು ತಿಂದು ವರ್ಜಿಲ್ ಸತ್ತಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಚ್ಚಾದ ಮಾತಂತೂ ಊರೂರು ತಿರುಗುತ್ತಿತ್ತು. ಹಾರ್ಲನ್ ತಪ್ಪೊಪ್ಪಿಗೆಯ ಚೀಟಿ ಅಚ್ಚು ಹಾಕಿಸಿ, ಲೈಬ್ರರಿಯಿಂದ ಲೈಬ್ರರಿಗೆ ಕಾರು ಓಡಿಸಿ, ಆ ಪುಟಕ್ಕೆ ಅಂಟಿಸುತ್ತ ಇಪ್ಪತ್ತಾರು ವರ್ಷ ಕಳೆದ. ಬೇರೆ ಪುಸ್ತಕ ಬರೆಯಲೇ ಇಲ್ಲ. ಈ ಊರಲ್ಲಿ ಮಾತ್ರ ಚೀಟಿ ಅಂಟಿಸಲು ಯಾರೂ ತಮ್ಮ ಪುಸ್ತಕದ ಪ್ರತಿ ಕೊಡಲಿಲ್ಲ. ಅವರಿಗೆ ಬೈಯಲು ಒಬ್ಬ ಬೇಕಿತ್ತು.

ನಡೀನಳ ಬಾಗಿಲಿಗೂ ಬಂದಿದ್ದ.

"ಚೀಟಿ ಅಂಟಿಸಿದ್ರೆ ಅಪ್ಪ ಎದ್ದು ಬರ್ತಾನಾ?"

"ಇಲ್ಲಮ್ಮ," ಎಂದಿದ್ದ. ಅವಳು ಬಾಗಿಲು ಹಾಕಿಕೊಂಡಿದ್ದಳು.

*

ನೆಲಮಾಳಿಗೆಯಲ್ಲಿ ಹಾರ್ಲನ್‌ನ ಹೆಂಡತಿ ಓಪಲ್ ಊಟದಿಂದ ಎದ್ದು ನಡೀನಳ ಬಳಿ ಬಂದಳು. "ಏನ್ ಮಗಳೇ?"

"ಅವತ್ತು ಬಾಗಿಲು ಹಾಕ್ಕೊಂಡೆ. ಈಗ ಅವ್ರ ಚೀಟಿ ಒಂದು ಕೊಡಿ. ಇವ್ರೆಲ್ಲರ ಮುಂದೆ ಓದ್ಬೇಕು."

ಓಪಲ್ ಕೈಚೀಲದಿಂದ ತೆಗೆದು ಕೊಟ್ಟ ಚೀಟಿಯಲ್ಲಿ ಹಾರ್ಲನ್ ಬರೆದಿದ್ದನ್ನು ನಡೀನ್ ಗಟ್ಟಿಯಾಗಿ ಓದಿದಳು. "ವರ್ಜಿಲ್ ಸ್ಟಾಂಪರ್ ಅಂದು ಗಣಿಗೆ ಇಳಿದಿದ್ದರು. ಅಪಾಯವಿದೆ ಎಂದು ಬರೆದಿಟ್ಟಿದ್ದರು. ನಾನು ವಿಚಾರಿಸದೆ ಬರೆದೆ. ತಪ್ಪು ನನ್ನದು."

"ನನ್ ತಮ್ಮ ಸತ್ತ ಅಲ್ಲಿ," ಎಂದ ಕ್ಲೀಟಸ್. "ಮೂವತ್ತೆಂಟು ವರ್ಷ ನಿಮ್ಮಪ್ಪನ್ನ ಬೈದೆ. ಇನ್ಯಾರನ್ನ ಬೈಲಿ ನಾನು?"

"ನಮ್ಮಪ್ಪನ್ನ ಬಿಟ್ಟು ಯಾರನ್ನಾದ್ರೂ ಬೈಕೋ ಮಾಮ."

ಕ್ಲೀಟಸ್ ಕೋಲೂರಿ ಎದ್ದು ಹೊರಟುಹೋದ. ಸಿಟ್ಟಿನಿಂದ ಹೋದನೆಂದೇ ಎಲ್ಲರೂ ತಿಳಿದರು. ಅವನ ಮನೆ ರಸ್ತೆಯಾಚೆಗಿತ್ತು. ಹತ್ತು ನಿಮಿಷಕ್ಕೆ ಮರಳಿ, ಬೈಂಡು ಕಿತ್ತುಹೋದ ಹಾರ್ಲನ್‌ನ ಪುಸ್ತಕವನ್ನು ತಟ್ಟೆಗಳ ನಡುವೆ ತೆರೆದಿಟ್ಟ. ನೂರ ಹನ್ನೆರಡನೇ ಪುಟದಲ್ಲಿ ವರ್ಜಿಲ್‌ನ ಹೆಸರಿದ್ದ ಕಡೆ ಪೆನ್ನಿನಿಂದ ಗೀಚಿ ಗೀಚಿ ಕಾಗದ ತೂತಾಗಿತ್ತು.

ಓಪಲ್ ಕೊಟ್ಟ ಗೋಂದಿನಿಂದ ನಡೀನ್ ಆ ತೂತಿನ ಮೇಲೆ ಚೀಟಿ ಅಂಟಿಸಿ, ಅದು ಒಣಗುವ ತನಕ ಅಂಗೈಯಿಂದ ಒತ್ತಿ ಹಿಡಿದಳು. ಕ್ಲೀಟಸ್ ಟೊಪ್ಪಿಗೆ ತೆಗೆದು ಎದುರಿಗೆ ಕುಳಿತ.